ಸೋಲುವ ಷರತ್ತು ಮೊದಲೇ ಗೊತ್ತಿರಲಿ

ಅರ್ಥಶಾಸ್ತ್ರಜ್ಞರನ್ನು ಗೇಲಿ ಮಾಡುವುದು ಸುಲಭ. ಗ್ರಹಣ ಎಷ್ಟು ಗಂಟೆಗೆ ಹಿಡಿದು ಎಷ್ಟು ಗಂಟೆಗೆ ಬಿಡುತ್ತದೆಂಬುದು ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಬರುವ ತಿಂಗಳು ಟೊಮೆಟೊ ಕಿಲೊಗೆ ಎಷ್ಟಾಗುತ್ತದೆಂದು ಹೇಳಲು ಎಂಥ ಪಂಡಿತರಿಗೂ ಆಗುವುದಿಲ್ಲ. ಗಣಿತ, ಭೌತವಿಜ್ಞಾನಗಳು ಗಟ್ಟಿ ವಿದ್ಯೆ, ಅರ್ಥಶಾಸ್ತ್ರ ಬರೀ ಬಾಯಿಮಾತು ಎಂಬ ತೀರ್ಮಾನಕ್ಕೆ ಇಷ್ಟರಿಂದಲೇ ಬಂದುಬಿಡುವವರು ಬಹಳ ಮಂದಿ. ಆದರೆ ಬಗೆಹರಿಯದ ಪ್ರಶ್ನೆಗಳ ಲೆಕ್ಕಕ್ಕೆ ಕೂತರೆ ಈ ಮೂರರಲ್ಲಿ ಯಾವುದೂ ಇನ್ನೊಂದನ್ನು ನೋಡಿ ನಗುವಂತಿಲ್ಲ. ಎರಡಕ್ಕಿಂತ ದೊಡ್ಡದಾದ ಯಾವುದೇ ಸಮಸಂಖ್ಯೆಯನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದೇ ಎಂಬ, ಶಾಲೆಯ ಮಕ್ಕಳಿಗೂ ಅರ್ಥವಾಗುವ ಪ್ರಶ್ನೆ 1742ರಲ್ಲಿ ಗೋಲ್ಡ್‌ಬಾಖ್ ಮತ್ತು ಆಯ್ಲರ್ ಬರೆದುಕೊಂಡ ಪತ್ರಗಳಲ್ಲಿ ಹುಟ್ಟಿತು. ಇವತ್ತಿಗೂ ಹಾಗೇ ಇದೆ. ವಿಶ್ವದಲ್ಲಿರುವ ದ್ರವ್ಯದ ಆರು ಪಾಲಿನಲ್ಲಿ ಸುಮಾರು ಐದು ಪಾಲು ಏನೆಂದು ಭೌತವಿಜ್ಞಾನಿಗಳಿಗೆ ತಿಳಿದಿಲ್ಲ. ಆದ್ದರಿಂದ ಒಂದು ವಿದ್ಯೆ ಎಷ್ಟು ಪ್ರಶ್ನೆ ಬಗೆಹರಿಸಿದೆ ಎಂದು ಕೇಳಿ ಪ್ರಯೋಜನವಿಲ್ಲ. ಏನು ಕಂಡರೆ ತನ್ನ ಮಾತು ತಪ್ಪೆಂದು ಒಪ್ಪಿಕೊಳ್ಳುತ್ತೇನೆಂದು ಅದು ಮುಂಚಿತವಾಗಿ ಹೇಳಿದೆಯೇ, ಆ ಮಾತಿಗೆ ನಿಂತಿದೆಯೇ ಎಂದು ಕೇಳಬೇಕು. ಈ ಅಳತೆಯಲ್ಲಿ ಅರ್ಥಶಾಸ್ತ್ರ ಹಿಂದೆ ಬಿದ್ದಿರುವುದು ನಿಜ. ಅದಕ್ಕೆ ಅರ್ಥಶಾಸ್ತ್ರಜ್ಞರಿಗಿಂತ ಹೆಚ್ಚಾಗಿ, ಅಂಕಿಅಂಶ ಕೂಡಿಡುವುದನ್ನು ಗುಮಾಸ್ತರ ಕೆಲಸವೆಂದು ಬಗೆದ ನಮ್ಮ ಸರ್ಕಾರಗಳೂ ಸಾರ್ವಜನಿಕರಾದ ನಾವೂ ಕಾರಣ ಎಂಬುದು ನನ್ನ ವಾದ.

ಗಣಿತದಲ್ಲಿ ಈ ಷರತ್ತು ಬಲು ಕಠಿಣ. ಒಂದು ಅಪವಾದ ಸಿಕ್ಕರೆ ಊಹೆ ಬಿದ್ದುಹೋಯಿತು. ಕೋಟಿ ಉದಾಹರಣೆಗಳು ಸರಿಹೊಂದಿದರೂ ರುಜುವಾತು ಆಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆರ್ಟೆನ್ಸ್ ಹೆಸರಿನ ಒಂದು ಊಹೆ ಇತ್ತು. ಅದು ನಿಜವಾಗಿದ್ದರೆ 1859ರಿಂದ ಕಾಡುತ್ತಿರುವ ರೀಮನ್ ಊಹೆಯೂ ಅದರ ಬೆನ್ನಿಗೇ ಸಾಬೀತಾಗುತ್ತಿತ್ತು. ಲೆಕ್ಕ ಹಾಕಿ ನೋಡಿದಷ್ಟು ದೂರವೂ ಅದು ತಪ್ಪಲಿಲ್ಲ. 1985ರಲ್ಲಿ ಆಡ್ಲಿಜ್ಕೊ ಮತ್ತು ಟೆ ರೀಲೆ ಅದು ಸುಳ್ಳೆಂದು ತೋರಿಸಿದರು. ಎಲ್ಲಿ ತಪ್ಪುತ್ತದೆಂಬ ನಿರ್ದಿಷ್ಟ ಸಂಖ್ಯೆಯನ್ನು ಯಾರೂ ಕಂಡಿಲ್ಲ, ಎಲ್ಲೋ ತಪ್ಪಲೇಬೇಕು ಎಂಬುದಷ್ಟೇ ಖಚಿತ. ಅಷ್ಟಕ್ಕೇ ಊಹೆಯನ್ನು ಕೈಬಿಟ್ಟರು. ಫರ್ಮಾನ ಕೊನೆಯ ಪ್ರಮೇಯದ ಕಥೆಯಲ್ಲೂ ನನಗೆ ಮುಖ್ಯವೆನಿಸುವುದು ಎಲ್ಲರೂ ಹೇಳುವ ಗೆಲುವಲ್ಲ, ನಡುವಿನ ಒಂದು ವರ್ಷ. 1993ರ ಜೂನ್‌ನಲ್ಲಿ ಆಂಡ್ರ್ಯೂ ವೈಲ್ಸ್ ಕೇಂಬ್ರಿಡ್ಜ್‌ನಲ್ಲಿ ಉಪನ್ಯಾಸ ಮುಗಿಸಿದಾಗ ಪತ್ರಿಕೆಗಳೆಲ್ಲ ಮೂರೂವರೆ ಶತಮಾನದ ಒಗಟು ಬಗೆಹರಿಯಿತೆಂದು ಬರೆದವು. ಕರಡನ್ನು ಪರಿಶೀಲಿಸುವಾಗ ಒಂದು ಕಡೆ ತರ್ಕ ಕೂಡಿಬರಲಿಲ್ಲ. ಉಳಿದ ಭಾಗವೆಲ್ಲ ಸರಿಯಾಗಿತ್ತು, ಅದು ಅಸಾಧಾರಣ ಕೆಲಸವೂ ಆಗಿತ್ತು. ಆದರೂ ಪ್ರಮೇಯ ಸಾಬೀತಾಗಿದೆಯೆಂದು ವೈಲ್ಸ್ ಸೇರಿದಂತೆ ಯಾರೂ ವಾದಿಸಲಿಲ್ಲ. 1994ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಟೇಲರ್ ಜೊತೆಗೂಡಿ ಆ ಬಿರುಕು ಮುಚ್ಚಿದ ಮೇಲೆಯೇ ಮಾತು ಮುಗಿದದ್ದು.

ಹಾಗೆಂದು ಗಣಿತದಲ್ಲಿ ಜಗಳವೇ ಇಲ್ಲವೆನ್ನುವಂತಿಲ್ಲ. ಕ್ಯೋಟೊದ ಮೊಚಿಜುಕಿ 2012ರಲ್ಲಿ ಎಬಿಸಿ ಊಹೆಗೆ ನೂರಾರು ಪುಟಗಳ ರುಜುವಾತು ಪ್ರಕಟಿಸಿದರು. 2018ರಲ್ಲಿ ಪೀಟರ್ ಶೋಲ್ಜ ಮತ್ತು ಯಾಕೊಬ್ ಸ್ಟಿಕ್ಸ್ ಅಲ್ಲಿಗೇ ಹೋಗಿ ಚರ್ಚಿಸಿ, ಒಂದು ಹೆಜ್ಜೆ ನಿಲ್ಲುವುದಿಲ್ಲವೆಂದರು, ಮೊಚಿಜುಕಿ ಒಪ್ಪಲಿಲ್ಲ. 2021ರಲ್ಲಿ ಆ ಕೃತಿ ಅವರದೇ ಸಂಸ್ಥೆಯ ನಿಯತಕಾಲಿಕದಲ್ಲಿ ಅಚ್ಚಾಯಿತು, ಹೊರಗಿನ ಬಹುಪಾಲು ತಜ್ಞರು ಮಾತ್ರ ಊಹೆ ಇನ್ನೂ ತೆರೆದೇ ಇದೆಯೆಂದು ನಡೆದುಕೊಳ್ಳುತ್ತಿದ್ದಾರೆ. ಇಂಥ ಇಕ್ಕಟ್ಟಿಗೆ ಗಣಿತಜ್ಞರು ಕಂಡುಕೊಳ್ಳುತ್ತಿರುವ ದಾರಿ ಗಮನಿಸಬೇಕಾದದ್ದು. ಗೋಲಗಳನ್ನು ಹೇಗೆ ಪೇರಿಸಿದರೆ ಜಾಗ ಕಡಿಮೆ ಪೋಲಾಗುತ್ತದೆಂಬ ಕೆಪ್ಲರನ ಊಹೆಯನ್ನು ಥಾಮಸ್ ಹೇಲ್ಸ್ 1998ರಲ್ಲಿ ಸಾಧಿಸಿದಾಗ, ವರ್ಷಗಟ್ಟಲೆ ಪರಿಶೀಲಿಸಿದ ತಜ್ಞರು ಶೇ 99ರಷ್ಟು ಖಾತ್ರಿ ಎಂದು ಹೇಳಿ ಸುಸ್ತಾದರು. ಹೇಲ್ಸ್‌ಗೆ ಆ ಶೇ 99 ಸಾಲಲಿಲ್ಲ. ಇಡೀ ವಾದವನ್ನು ಕಂಪ್ಯೂಟರ್ ಹೆಜ್ಜೆಹೆಜ್ಜೆಗೆ ಒರೆಗೆ ಹಚ್ಚುವಂಥ ಭಾಷೆಗೆ ಇಳಿಸಲು ಒಂದು ತಂಡ ಕಟ್ಟಿಕೊಂಡರು. 2014ರಲ್ಲಿ ಅದು ಮುಗಿಯಿತು. ಸೋಲು ಗೆಲುವಿನ ಷರತ್ತು ಮಸುಕಾದಾಗ ಅದನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುವ ಸ್ವಭಾವ ಇದು.

ಭೌತವಿಜ್ಞಾನದಲ್ಲಿ ಷರತ್ತು ಹಾಕುವುದು ಉಪಕರಣ. ಯುರೇನಸ್ ಗ್ರಹ ಲೆಕ್ಕದಂತೆ ಚಲಿಸದಿದ್ದಾಗ ಫ್ರಾನ್ಸಿನ ಲ ವೆರಿಯೆ, ಅದರಾಚೆ ಇನ್ನೊಂದು ಗ್ರಹ ಎಳೆಯುತ್ತಿರಬೇಕೆಂದು ಲೆಕ್ಕ ಹಾಕಿ ಜಾಗ ತೋರಿಸಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನ ದೂರದರ್ಶಕದಲ್ಲಿ ನೆಪ್ಚೂನ್ ಅಲ್ಲೇ, ಒಂದು ಡಿಗ್ರಿಯೊಳಗೆ, ಸಿಕ್ಕಿತು. ಮುಂದೆ ಬುಧನ ಕಕ್ಷೆಯಲ್ಲೂ ಚಿಕ್ಕದೊಂದು ವ್ಯತ್ಯಾಸ ಕಂಡಾಗ ಅದೇ ಲ ವೆರಿಯೆ 1859ರಲ್ಲಿ ಅದೇ ಮದ್ದು ಕೊಟ್ಟರು: ಸೂರ್ಯನ ಹತ್ತಿರ ಕಾಣದ ದ್ರವ್ಯವಿರಬೇಕು. ವಲ್ಕನ್ ಎಂಬ ಹೆಸರೂ ಬಂತು, ಕಂಡೆವೆಂದವರೂ ಬಂದರು. ಆದರೆ ಗ್ರಹ ಸಿಗಲಿಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡಿನಷ್ಟೇ ಇದ್ದ ಆ ವ್ಯತ್ಯಾಸವನ್ನು 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ವಿವರಿಸಿದ್ದು ಗುರುತ್ವದ ನಿಯಮವನ್ನೇ ಬದಲಿಸಿ. ಒಬ್ಬನೇ ಮೇಧಾವಿ, ಒಂದೇ ವಿಧಾನ, ಒಂದು ಕಡೆ ಅಮೋಘ ಗೆಲುವು, ಇನ್ನೊಂದು ಕಡೆ ಪೂರಾ ಸೋಲು. ಕಾಗದದ ಮೇಲೆ ನೋಡಿ ಯಾವುದು ಯಾವುದೆಂದು ಹೇಳುವ ಉಪಾಯ ಆಗ ಯಾರಲ್ಲೂ ಇರಲಿಲ್ಲ. ಇಂದು ಕಪ್ಪುದ್ರವ್ಯದ ವಿಚಾರದಲ್ಲಿ ನಾವು ನಿಂತಿರುವುದು ಹೆಚ್ಚುಕಡಿಮೆ ಇದೇ ಕವಲಿನಲ್ಲಿ. ಗ್ಯಾಲಕ್ಸಿಗಳ ಅಂಚಿನ ನಕ್ಷತ್ರಗಳು ಬೇಕಾದದ್ದಕ್ಕಿಂತ ವೇಗವಾಗಿ ಸುತ್ತುತ್ತಿವೆ. ಕಾಣದ ದ್ರವ್ಯವಿದೆಯೆಂಬುದು ಬಹುಮತ, ನಿಯಮವೇ ಬದಲಾಗಬೇಕೆಂದು 1983ರಿಂದ ಮಿಲ್‌ಗ್ರೋಮ್ ಹೇಳುತ್ತಿರುವುದು ಅಲ್ಪಮತ.

ನಮ್ಮ ನೆಲದ್ದೇ ಉದಾಹರಣೆ ಬೇಕೆಂದರೆ ಕೋಲಾರದ ಚಿನ್ನದ ಗಣಿಗೆ ಇಳಿಯಬೇಕು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಅಲ್ಲಿ ವಿಶ್ವಕಿರಣಗಳ ಅಳತೆ ಶುರುಮಾಡಿದ್ದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಆ ಆಳದಲ್ಲಿ ಗುರುತಿಸಿತು. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಅದೇ ಹೊತ್ತಿಗೆ ಇನ್ನೊಂದು ತಂಡವೂ ಗುರುತಿಸಿತ್ತು. ಆಮೇಲೆ ಬಂದದ್ದು ಪ್ರೋಟಾನಿನ ಪ್ರಶ್ನೆ. ಜಾರ್ಜಿ ಮತ್ತು ಗ್ಲಾಷೋ 1974ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಪ್ರೋಟಾನೂ ಶಾಶ್ವತವಲ್ಲ, ಅದರ ಆಯುಸ್ಸು ಒಂದರ ಮುಂದೆ ಮೂವತ್ತು, ಮೂವತ್ತೊಂದು ಸೊನ್ನೆ ಹಾಕಿದಷ್ಟು ವರ್ಷ. ಅಷ್ಟು ಕಾಲ ಯಾರೂ ಕಾಯಲಾರರು. ಲೆಕ್ಕವಿಲ್ಲದಷ್ಟು ಪ್ರೋಟಾನುಗಳನ್ನು ಒಂದೆಡೆ ಕೂಡಿಹಾಕಿ ಅವುಗಳಲ್ಲಿ ಒಂದಾದರೂ ಸಾಯುತ್ತದೆಯೇ ಎಂದು ನೋಡಬಹುದು. ಕೆಜಿಎಫ್‌ನಲ್ಲಿ ಸುಮಾರು 2.3 ಕಿಲೊಮೀಟರ್ ಕೆಳಗೆ 140 ಟನ್ ತೂಕದ ಕಬ್ಬಿಣದ ಶೋಧಕ 1980ರ ಕೊನೆಯಲ್ಲಿ ಕೆಲಸ ಆರಂಭಿಸಿತು. ಪ್ರೋಟಾನ್ ಸತ್ತ ಗುರುತಿರಬಹುದು ಎನಿಸುವ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿದಾಗ ಜಗತ್ತಿನ ಕಿವಿ ನೆಟ್ಟಗಾಯಿತು. ಆದರೆ ಅಮೆರಿಕದ ಉಪ್ಪಿನ ಗಣಿಯಲ್ಲೂ ಜಪಾನಿನ ಕಮಿಯೊಕದಲ್ಲೂ ಸಾವಿರಾರು ಟನ್ ನೀರಿನ ತೊಟ್ಟಿಗಳು ಬಂದು ಅಂಥದೇನನ್ನೂ ಕಾಣಲಿಲ್ಲ. ಆ ಸರಳ ಸಿದ್ಧಾಂತ ಬಿದ್ದಿತು. ಅದು ಎಷ್ಟು ಸುಂದರವಾಗಿತ್ತೆಂದು ಇಂದಿಗೂ ಹೇಳಿಕೊಳ್ಳುವವರಿದ್ದಾರೆ, ನಿಜವೆನ್ನುವವರಿಲ್ಲ. ಪ್ರೋಟಾನಿಗೆಂದು ಕಟ್ಟಿದ ಆ ಎರಡು ತೊಟ್ಟಿಗಳಿಗೂ 1987ರ ಫೆಬ್ರವರಿಯಲ್ಲಿ ಸ್ಫೋಟಗೊಂಡ ನಕ್ಷತ್ರದ ನ್ಯೂಟ್ರಿನೊಗಳು ಸಿಕ್ಕವು. ಕಮಿಯೊಕದ ಮುಂದಿನ ದೊಡ್ಡ ತೊಟ್ಟಿ 1998ರಲ್ಲಿ ನ್ಯೂಟ್ರಿನೊಗಳಿಗೆ ತೂಕವಿದೆಯೆಂದು ತೋರಿಸಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಷ್ಟು ಆಳದ ಪ್ರಯೋಗಾಲಯ ದೇಶದಲ್ಲಿ ಮತ್ತೆ ಬಂದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಭೌತವಿಜ್ಞಾನಿಗಳು ನಾನು ಹೇಳುವಷ್ಟು ಪ್ರಾಮಾಣಿಕರೇ? ಕಪ್ಪುದ್ರವ್ಯದ ಕಣ ಒಂದು ಪ್ರಯೋಗದಲ್ಲಿ ಸಿಗದಿದ್ದರೆ, ಅದು ಇನ್ನೂ ಸೂಕ್ಷ್ಮವಿರಬೇಕೆಂದು ಹೇಳಿ ಇನ್ನೂ ದೊಡ್ಡ ಉಪಕರಣ ಕೇಳುತ್ತಾರಲ್ಲ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಷರತ್ತು ಹಿಂದೆ ಸರಿಯುತ್ತಿರುವುದು ಎಲ್ಲರ ಕಣ್ಣೆದುರಿಗೇ, ಎಷ್ಟು ಸರಿಯಿತೆಂಬ ಲೆಕ್ಕದ ಸಮೇತ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ಟನ್‌ಗಟ್ಟಲೆ ದ್ರವ ಕ್ಸೆನಾನ್ ಇಟ್ಟು ಇಂದು ಆ ಕಣ ಹುಡುಕುತ್ತಿರುವ ಗವಿಯಲ್ಲೇ ರೇಮಂಡ್ ಡೇವಿಸ್ 1960ರ ದಶಕದಿಂದ ಸೂರ್ಯನ ನ್ಯೂಟ್ರಿನೊ ಎಣಿಸುತ್ತಿದ್ದರು. ಜಾನ್ ಬಾಕಾಲ್ ಲೆಕ್ಕ ಹಾಕಿದ್ದರ ಮೂರನೇ ಒಂದು ಪಾಲಷ್ಟೇ ಸಿಕ್ಕಿತು. ಒಬ್ಬರ ಪ್ರಯೋಗವೋ ಇನ್ನೊಬ್ಬರ ಲೆಕ್ಕವೋ ಕೆಟ್ಟಿರಬೇಕೆಂದು ಸಹೋದ್ಯೋಗಿಗಳು ಮೂರು ದಶಕ ಹೇಳುತ್ತಲೇ ಇದ್ದರು. ಇಬ್ಬರೂ ತಮ್ಮ ಅಂಕಿಯನ್ನು ಪದೇಪದೇ ಒರೆಗೆ ಹಚ್ಚಿದರೇ ಹೊರತು ಹೊಂದಾಣಿಕೆಗೆಂದು ತಿದ್ದಲಿಲ್ಲ. ಕೆನಡದ ಸಡ್ಬರಿಯ ಭಾರಜಲದ ತೊಟ್ಟಿ 2001, 2002ರಲ್ಲಿ ಉತ್ತರ ಕೊಟ್ಟಿತು: ಇಬ್ಬರೂ ಸರಿ, ದಾರಿಯಲ್ಲಿ ನ್ಯೂಟ್ರಿನೊಗಳೇ ವೇಷ ಬದಲಿಸುತ್ತಿದ್ದವು. ಇಬ್ಬರಲ್ಲಿ ಒಬ್ಬರು ರಾಜಿ ಮಾಡಿಕೊಂಡಿದ್ದರೆ ಪ್ರಶ್ನೆಯೇ ಕಣ್ಮರೆಯಾಗುತ್ತಿತ್ತು.

ಇನ್ನು ಅರ್ಥಶಾಸ್ತ್ರ. ಮನುಷ್ಯರು ಎಲೆಕ್ಟ್ರಾನುಗಳಲ್ಲ, ತಮ್ಮ ಬಗ್ಗೆ ಹೇಳಿದ್ದನ್ನು ಓದಿ ನಡವಳಿಕೆ ಬದಲಿಸಿಕೊಳ್ಳುತ್ತಾರೆ, ಹಾಗಾಗಿ ಇಲ್ಲಿ ಸೋಲಿನ ಷರತ್ತು ಹಾಕುವುದೇ ಅಸಾಧ್ಯ ಎಂಬುದು ಹಳೆಯ ಸಮರ್ಥನೆ. ರಾಬರ್ಟ್ ಲೂಕಸ್ 1976ರಲ್ಲಿ ಇದನ್ನೇ ಗಂಭೀರವಾಗಿ ವಾದಿಸಿದರು. ನೀತಿ ಬದಲಾದರೆ ಹಳೆಯ ಅಂಕಿಗಳಿಂದ ಕಟ್ಟಿದ ಮಾದರಿ ಕೆಲಸಕ್ಕೆ ಬರುವುದಿಲ್ಲ ಎಂದರು. ಇದು ಕಷ್ಟವನ್ನು ಹೇಳುತ್ತದೆ, ಅಸಾಧ್ಯವನ್ನಲ್ಲ. ಮೀಸ್ ಮತ್ತು ರೊಗಾಫ್ 1983ರಲ್ಲಿ ಕರೆನ್ಸಿ ವಿನಿಮಯ ದರದ ಆ ಕಾಲದ ಹೆಸರಾಂತ ಮಾದರಿಗಳನ್ನೆಲ್ಲ ಪರೀಕ್ಷೆಗೆ ಒಡ್ಡಿದರು. ನಾಳೆಯ ದರ ಇವತ್ತಿನಷ್ಟೇ ಇರುತ್ತದೆಂದು ಸುಮ್ಮನೆ ಹೇಳಿದವನ ಮುಂದೆ ಅವು ಗೆಲ್ಲಲಿಲ್ಲ. ಆ ಸೋಲು ಪಠ್ಯಪುಸ್ತಕ ಸೇರಿದೆ. ಕನಿಷ್ಠ ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗುತ್ತದೆಂಬ ಮಾತು ಬಹುಕಾಲ ವೇದವಾಕ್ಯವಾಗಿತ್ತು. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಯ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಕಾರ್ಡ್ ಮತ್ತು ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಹೋಟೆಲುಗಳನ್ನು ಪಕ್ಕದ ಪೆನ್ಸಿಲ್ವೇನಿಯದವುಗಳ ಜೊತೆ ಹೋಲಿಸಿದರು. ಕೆಲಸ ಇಳಿದಿರಲಿಲ್ಲ. ಬೇರೆ ಅಂಕಿ ಹಿಡಿದು ವಿರೋಧಿಸಿದವರಿದ್ದರು, ಜಗಳ ಇನ್ನೂ ಇದೆ. ಆದರೆ ಈಗಿನ ಜಗಳ ಎಷ್ಟು ಏರಿಸಿದರೆ, ಯಾರಿಗೆ, ಎಲ್ಲಿ ಎಂಬುದರ ಬಗ್ಗೆ.

ಅಂದರೆ ಅಳತೆ ಇದ್ದಲ್ಲಿ ಅರ್ಥಶಾಸ್ತ್ರವೂ ಸೋಲು ಒಪ್ಪುತ್ತದೆ. ಅಳತೆಗೋಲೇ ಬದಲಾಗುತ್ತಿದ್ದರೆ ಏನಾಗುತ್ತದೆಂಬುದಕ್ಕೆ ಭಾರತದ ಬಡತನದ ಲೆಕ್ಕವೇ ಸಾಕ್ಷಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಗೆ ಬಂದು, ಕಳೆದ 30 ದಿನದಲ್ಲಿ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ ಖರ್ಚಾಯಿತೆಂದು ಕೇಳುವುದು ದಶಕಗಳ ರೂಢಿ. ತಿಂಗಳಷ್ಟು ಹಿಂದಿನದು ಯಾರಿಗೆ ನೆನಪಿರುತ್ತದೆ ಎಂಬ ಅನುಮಾನದಿಂದ 1990ರ ದಶಕದಲ್ಲಿ ಕೆಲವು ಮನೆಗಳಿಗೆ ಏಳು ದಿನದ ಲೆಕ್ಕ ಕೇಳಿ ನೋಡಿದರು. ಜನ ಹೇಳಿದ ಊಟದ ಖರ್ಚು ಎಷ್ಟು ಏರಿತೆಂದರೆ, ಆ ಪ್ರಶ್ನಾವಳಿಯ ಪ್ರಕಾರ ದೇಶದ ಬಡವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬಿದ್ದಿರಲಿಲ್ಲ, ಪ್ರಶ್ನೆಯಷ್ಟೇ ಬದಲಾಗಿತ್ತು. 1999-2000ರ ದೊಡ್ಡ ಸಮೀಕ್ಷೆಯಲ್ಲಿ ಎರಡೂ ಅವಧಿಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟು ಕೇಳಿದರು. ಒಂದು ಉತ್ತರ ಇನ್ನೊಂದನ್ನು ಎಳೆಯಿತು. ಬಡತನ ಶೇ 36ರಿಂದ 26ಕ್ಕೆ ಇಳಿಯಿತೆಂದು ಸರ್ಕಾರ ಹೇಳಿತು. ಉದಾರೀಕರಣದ ಪರ ಇದ್ದವರು ಅದನ್ನು ಎತ್ತಿ ಹಿಡಿದರು, ವಿರೋಧಿಗಳು ತಳ್ಳಿಹಾಕಿದರು. ಅರ್ಥಶಾಸ್ತ್ರದ ಅತಿ ಮುಖ್ಯ ಪ್ರಶ್ನೆಗಳಲ್ಲೊಂದು, ಆರ್ಥಿಕ ಸುಧಾರಣೆಯಿಂದ ಬಡತನ ಎಷ್ಟು ಬೇಗ ಇಳಿಯಿತು ಎಂಬುದು, ಒಂದು ಹಾಳೆಯ ಎರಡು ಕಲಂಗಳ ನಡುವೆ ಸಿಕ್ಕಿಹಾಕಿಕೊಂಡಿತು. 2017-18ರ ಖರ್ಚಿನ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಕೊಟ್ಟು ಬಿಡುಗಡೆ ಮಾಡುವುದಿಲ್ಲವೆಂದು ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಘೋಷಿಸಿತು. 2022-23ರದನ್ನು ಬೇರೆ ವಿಧಾನದಲ್ಲಿ ನಡೆಸಿದರು. ವಿಧಾನ ಸುಧಾರಿಸಿರಬಹುದು, ಆದರೆ 2011-12ರ ಜೊತೆ ನೇರ ಹೋಲಿಕೆ ಕಷ್ಟವಾಯಿತು. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಯಿತು. ಗುಣಮಟ್ಟ ಕೆಟ್ಟಿದ್ದರೆ ಕೆಟ್ಟಿದೆಯೆಂಬ ಟಿಪ್ಪಣಿಯೊಂದಿಗೆ ಅಂಕಿಗಳನ್ನು ಹೊರಬಿಡಬಹುದಿತ್ತು. ಸಹೋದ್ಯೋಗಿಗಳು ಅನುಮಾನಿಸಿದರೂ ಡೇವಿಸ್ ತಮ್ಮ ನ್ಯೂಟ್ರಿನೊ ಲೆಕ್ಕವನ್ನು ಮುಚ್ಚಿಡಲಿಲ್ಲವಲ್ಲ?

ಜನರ ಸಮಸ್ಯೆಗಳಿಗೆ ಸರಿಯಾದ ಅಂಕಿ ಬರುವವರೆಗೆ ಕಾಯಲಾಗುವುದಿಲ್ಲ, ಸರ್ಕಾರ ನಾಳೆಯೇ ತೀರ್ಮಾನ ತೆಗೆದುಕೊಳ್ಳಬೇಕು ಎಂದು ಆಡಳಿತದಲ್ಲಿರುವವರು ಹೇಳುತ್ತಾರೆ. ತೆಗೆದುಕೊಳ್ಳಲಿ. ಉತ್ತರ ಗೊತ್ತಿಲ್ಲದೆ ತೀರ್ಮಾನಿಸುವುದು ತಪ್ಪಲ್ಲ, ಉತ್ತರ ಸಿಕ್ಕಿದೆಯೆಂದು ನಟಿಸುವುದು ದುಬಾರಿ. 2010ರಲ್ಲಿ ರೈನ್‌ಹಾರ್ಟ್ ಮತ್ತು ರೊಗಾಫ್, ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆಂದು ಬರೆದರು. ಯುರೋಪು, ಅಮೆರಿಕಗಳಲ್ಲಿ ಖರ್ಚು ಕಡಿತಕ್ಕೆ ಒತ್ತಾಯಿಸುತ್ತಿದ್ದ ರಾಜಕಾರಣಿಗಳಿಗೆ ಅದು ಬ್ರಹ್ಮಾಸ್ತ್ರವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ತರಗತಿಯ ಅಭ್ಯಾಸಕ್ಕೆಂದು ಆ ಲೆಕ್ಕ ಮತ್ತೆ ಹಾಕಲು ಹೋದರೆ ಹೊಂದಲಿಲ್ಲ. ಲೇಖಕರಿಂದ ಎಕ್ಸೆಲ್ ಹಾಳೆ ತರಿಸಿ ನೋಡಿದಾಗ ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಆ ಹಾಳೆಯ ಇತರ ಆಯ್ಕೆಗಳನ್ನೂ ಸರಿಪಡಿಸಿದರೆ, ಹೆಚ್ಚು ಸಾಲದ ದೇಶಗಳ ಬೆಳವಣಿಗೆ ಮೈನಸ್ 0.1 ಅಲ್ಲ, ಶೇ 2.2 ಎಂದು ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರು ತೋರಿಸಿದರು. ಸಾಲಕ್ಕೂ ಬೆಳವಣಿಗೆಗೂ ಏನು ಸಂಬಂಧ ಎಂಬುದು ಅಂದೂ ಬಗೆಹರಿದಿರಲಿಲ್ಲ, ಇಂದೂ ಬಗೆಹರಿದಿಲ್ಲ. ಆದರೆ ಆ ಮೂರು ವರ್ಷ ಬಗೆಹರಿದಿದೆಯೆಂಬಂತೆ ಆಳಿದರು. ತಪ್ಪು ಬಯಲಾದದ್ದು ಹಾಳೆ ಕೇಳಿದಾಗ ಕೊಟ್ಟರೆಂಬ ಕಾರಣಕ್ಕೆ, ಅಷ್ಟರ ಮಟ್ಟಿಗೆ ಲೇಖಕರನ್ನು ಮೆಚ್ಚಬೇಕು.

ಇಂಥ ಪ್ರಶ್ನೆಗಳು ಅಳತೆ, ಹಾಳೆ, ಕಲಂಗಳಿಂದ ಬಗೆಹರಿಯುವುದಿಲ್ಲ, ಒಬ್ಬ ರಾಮಾನುಜನ್ ಹುಟ್ಟಿಬರಬೇಕು ಎನ್ನುವವರೂ ಉಂಟು. 1916ರಲ್ಲಿ ರಾಮಾನುಜನ್ ಟೌ ಫಲನದ ಬಗ್ಗೆ ಬರೆದಿಟ್ಟ ಊಹೆ ರುಜುವಾತಾದದ್ದು 1974ರಲ್ಲಿ, ಅದೂ ನಡುವಿನ ದಶಕಗಳಲ್ಲಿ ಹಲವರು ಕಟ್ಟಿದ ಸಲಕರಣೆಗಳನ್ನು ದೆಲಿನ್ಯ ಬಳಸಿಕೊಂಡದ್ದರಿಂದ. ಒಂಟಿ ಸಾಧಕನೆಂದು ಹೆಸರಾದ ಪೆರೆಲ್ಮನ್ ಕೂಡ ಪ್ವಾಂಕರೆ ಊಹೆಯನ್ನು ಸಾಧಿಸಿದ್ದು ರಿಚರ್ಡ್ ಹ್ಯಾಮಿಲ್ಟನ್ 1982ರಿಂದ ಬೆಳೆಸಿದ ವಿಧಾನವನ್ನು ಹಿಡಿದು. ಪ್ರತಿಭೆಗೆ ಸರ್ಕಾರ ಆದೇಶ ಹೊರಡಿಸಲಾರದು. ಸಲಕರಣೆಗೆ ಹೊರಡಿಸಬಹುದು.

ಭಾರತದ್ದೇ ಆದ ಒಂದು ಒಗಟಿನಲ್ಲಿ ಇದು ಸ್ಪಷ್ಟವಾಗುತ್ತದೆ. 1983ರಲ್ಲಿ ಹಳ್ಳಿಗಾಡಿನ ಒಬ್ಬರು ದಿನಕ್ಕೆ ಸರಾಸರಿ 2,240 ಕ್ಯಾಲೊರಿಯ ಆಹಾರ ತಿನ್ನುತ್ತಿದ್ದರು. 2004-05ಕ್ಕೆ ಅದು 2,047ಕ್ಕೆ ಇಳಿಯಿತು. ಆ ನಡುವೆ ಅವರ ನೈಜ ಖರ್ಚು ಏರಿತ್ತು. ಕೈಯಲ್ಲಿ ಹಣ ಹೆಚ್ಚಾದರೂ, ಲಕ್ಷಾಂತರ ಮಕ್ಕಳ ತೂಕ ಇನ್ನೂ ಕಡಿಮೆಯಿದ್ದರೂ, ಜನ ಊಟ ಕಡಿಮೆ ಮಾಡಿದ್ದೇಕೆ? 2009ರಲ್ಲಿ ಆಂಗಸ್ ಡೀಟನ್ ಮತ್ತು ಜ್ಯಾಂ ಡ್ರೇಜ್ ಈ ಒಗಟನ್ನು ವಿವರವಾಗಿ ಮುಂದಿಟ್ಟರು. ಪಂಪ್‌ಸೆಟ್, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ, ನಲ್ಲಿ, ಬಸ್ಸು ಬಂದು ಮೈಮುರಿಯುವ ದುಡಿಮೆ ತಗ್ಗಿರಬೇಕು, ಕಾಯಿಲೆಗಳೂ ತಗ್ಗಿ ಮೈಗೆ ಬೇಕಾದದ್ದೇ ಇಳಿದಿರಬೇಕು ಎಂಬುದು ಅವರ ಊಹೆ. ಇಲ್ಲ, ಇದು ಹಸಿವೇ ಎಂದರು ಉತ್ಸಾ ಪಟ್ನಾಯಕ್. ಫೀಸು, ಔಷಧ, ಬಾಡಿಗೆಗಳು ಊಟದ ದುಡ್ಡನ್ನು ನುಂಗುತ್ತಿವೆ ಎಂದರು ಇನ್ನು ಕೆಲವರು. ಹೋಟೆಲಿನಲ್ಲಿ ತಿಂದದ್ದು ಲೆಕ್ಕಕ್ಕೇ ಬರುತ್ತಿಲ್ಲ ಎಂಬ ಮಾತೂ ಇದೆ. ಎಲ್ಲವೂ ನಂಬುವಂತಿವೆ, ತೊಂದರೆ ಅದೇ. ಬಾವಿಯಿಂದ ನೀರು ಸೇದುತ್ತ, ರಾಗಿ ಬೀಸುತ್ತ, ಸೌದೆ ಹೊರುತ್ತ ಒಬ್ಬ ಹೆಂಗಸು 1983ರಲ್ಲಿ ದಿನಕ್ಕೆ ಎಷ್ಟು ಗಂಟೆ ಕಳೆಯುತ್ತಿದ್ದಳೆಂದು ಆಗ ದೇಶಾದ್ಯಂತ ಯಾರೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೆ ದುಡಿಮೆ ತಗ್ಗಿತೆಂಬ ವಾದ ಗೆಲ್ಲುತ್ತಿತ್ತು, ಇಲ್ಲವೇ ಸೋಲುತ್ತಿತ್ತು.

ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಕೇಳುವ ಸಮೀಕ್ಷೆಯನ್ನು 1998-99ರಲ್ಲಿ ಪ್ರಾಯೋಗಿಕವಾಗಿ ಆರು ರಾಜ್ಯಗಳಲ್ಲಿ ಮಾಡಿದರು, ಕರ್ನಾಟಕ ಅದರಲ್ಲಿರಲಿಲ್ಲ. ಇಡೀ ದೇಶಕ್ಕೆ ಅದು ಮೊದಲು ಬಂದದ್ದು 2019ರಲ್ಲಿ, ಎರಡನೆಯದು 2024ರಲ್ಲಿ. ಈ ಸಮೀಕ್ಷೆ ಮೈ ಎಷ್ಟು ಕ್ಯಾಲೊರಿ ಸುಡುತ್ತದೆಂದು ಅಳೆಯುವುದಿಲ್ಲ, ಯಾವ ಕೆಲಸಕ್ಕೆ ಎಷ್ಟು ನಿಮಿಷವೆಂಬುದನ್ನು ಮಾತ್ರ ಹೇಳುತ್ತದೆ. ಕ್ಯಾಲೊರಿಯ ಒಗಟಿಗೆ ಅದು ಅರ್ಧ ಸಾಮಗ್ರಿ. ಆ ಅರ್ಧವಾದರೂ ಕೈಗೆ ಬರಬೇಕಾದರೆ 2029ರಲ್ಲಿ, 2034ರಲ್ಲಿ, ಅದರಾಚೆಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು, ಬಂದ ಅಂಕಿಗಳು ಯಾವ ಸರ್ಕಾರಕ್ಕೆ ಮುಜುಗರ ತಂದರೂ ಹೊರಗೆ ಬರಬೇಕು. ಊಟದ ಖರ್ಚಿನ ಸಮೀಕ್ಷೆಯ ಜೊತೆಗೆ ಅದನ್ನು ಜೋಡಿಸಿ ನೋಡಲು ಅನುವಾಗುವಂತೆ ಎರಡನ್ನೂ ಒಂದೇ ವರ್ಷ ನಡೆಸುವುದಕ್ಕೆ ಬೇಕಾಗುವುದು ಸಾಂಖ್ಯಿಕ ಸಚಿವಾಲಯದ ಒಂದು ಆದೇಶ.